ಶಂಕೆಯೂ ಪ್ರಮಾಣವೂ: ಪರದೇಶದ ಬಂಡವಾಳ ಮತ್ತು ಅಮೆರಿಕದ ಕಾವಲು

ರಾಜ್ಯದ ಮೊದಲ ಕರ್ತವ್ಯ ರಕ್ಷಣೆ ಎಂಬುದನ್ನು ಒಪ್ಪದವರಿಲ್ಲ. ಕೋಟೆಯ ಬಾಗಿಲಲ್ಲಿ ನಿಂತ ಕಾವಲುಗಾರನು ಒಳಬರುವವನನ್ನು ತಡೆದು, ನೀನು ಯಾರು, ಏತಕ್ಕೆ ಬಂದೆ, ಹಿಂದೆ ಏನು ಮಾಡಿದವನು ಎಂದು ಕೇಳುತ್ತಾನೆ. ಹಾಗೆ ಕೇಳುವುದು ಅವನ ಹಕ್ಕು. ಆದರೆ ಬಂದವನ ಕೈಯಲ್ಲಿ ಕತ್ತಿಯ ಬದಲು ಹಣದ ಚೀಲವಿದ್ದರೆ, ಅವನು ಊರನ್ನು ಗೆಲ್ಲಲು ಬಾರದೆ ಊರಿನೊಳಗಿನ ಒಂದು ಕಾರ್ಖಾನೆಯನ್ನೋ ಒಂದು ಬಂದರುಕಟ್ಟೆಯನ್ನೋ ಬೆಲೆ ಕೊಟ್ಟು ಕೊಳ್ಳಲು ಬಂದಿದ್ದರೆ, ಆ ಮೂರು ಪ್ರಶ್ನೆಗಳಲ್ಲಿ ಮುಖ್ಯವಾದುದು ಯಾವುದು? ಅವನ ಕುಲವೇ, ಉದ್ದೇಶವೇ, ಕೃತ್ಯವೇ? ಬಾಗಿಲು ಮುಚ್ಚಿದ ಮೇಲೆ, ಏಕೆ ಮುಚ್ಚಿದೆನೆಂದು ಅವನಿಗೆ ಹೇಳಬೇಕಾದ ಋಣವೇನಾದರೂ ರಾಜ್ಯದ ಮೇಲೆ ಉಳಿಯುತ್ತದೆಯೇ?

ವ್ಯಾಪಾರಕ್ಕೆಂದು ಬಂದ ಕಂಪನಿಯೊಂದು ನಾಡನ್ನೇ ಆಳಿದ ಚರಿತ್ರೆಯನ್ನು ಬಲ್ಲ ಭಾರತೀಯರಿಗೆ ಈ ಪ್ರಶ್ನೆಗಳ ತೂಕ ತಿಳಿಯದಿರದು. ಆದರೆ ಇವಕ್ಕೆ ಕಾನೂನಿನ ರೂಪ ಕೊಟ್ಟು, ಸಮಿತಿಯೊಂದನ್ನು ಕಟ್ಟಿ, ಕೊನೆಗೆ ನ್ಯಾಯಾಲಯದ ಕಟಕಟೆಯವರೆಗೂ ಕೊಂಡೊಯ್ದ ದೇಶಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವ ದೀರ್ಘವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ತನ್ನ ರೈಲುದಾರಿಗಳನ್ನು ಬಹುಮಟ್ಟಿಗೆ ಬ್ರಿಟನ್ನಿನ ಹಣದಿಂದ ಹಾಕಿಸಿಕೊಂಡ ದೇಶವದು. ಪರಕೀಯರ ಬಂಡವಾಳವೆಂದರೆ ಅಲ್ಲಿ ಬಹುಕಾಲ ಸ್ವಾಗತವೇ ಇತ್ತು. ಆ ಸ್ವಾಗತದಲ್ಲಿ ಭಯ ಬೆರೆತದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಅದು ಬೆರೆತ ಬಗೆಯನ್ನು ತುಸು ವಿವರವಾಗಿ ನೋಡುವುದು ಅವಶ್ಯ. ಏಕೆಂದರೆ ಆ ಭಯ ನಿರಾಧಾರವಾದುದಾಗಿರಲಿಲ್ಲ.

1915ರ ಜುಲೈ ತಿಂಗಳು. ಯುರೋಪಿನಲ್ಲಿ ಯುದ್ಧ ನಡೆಯುತ್ತಿತ್ತು, ಅಮೆರಿಕವಿನ್ನೂ ತಟಸ್ಥವಾಗಿತ್ತು. ಜರ್ಮನಿಯ ರಾಯಭಾರ ಕಚೇರಿಯ ವಾಣಿಜ್ಯಾಧಿಕಾರಿಯಾಗಿದ್ದ ಹೈನ್ರಿಕ್ ಆಲ್ಬರ್ಟ್ ಎಂಬಾತ ನ್ಯೂಯಾರ್ಕಿನ ಮೇಲ್ಸೇತುವೆಯ ರೈಲಿನಲ್ಲಿ ಕುಳಿತು ತೂಕಡಿಸಿದ. ತಾನಿಳಿಯುವ ನಿಲ್ದಾಣ ಬಂದುದನ್ನು ಕಂಡು ಗಡಬಡಿಸಿ ಎದ್ದವನು ತನ್ನ ಕಾಗದಪತ್ರಗಳ ಚೀಲವನ್ನು ಅಲ್ಲಿಯೇ ಮರೆತ. ಅವನನ್ನು ಹಿಂಬಾಲಿಸುತ್ತಿದ್ದ ಸರ್ಕಾರದ ಗುಪ್ತಚರನೊಬ್ಬ ಅದನ್ನೆತ್ತಿಕೊಂಡು ಓಡಿದ. ಆಗಸ್ಟ್ ತಿಂಗಳಲ್ಲಿ ಆ ಕಾಗದಗಳು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟವಾದಾಗ ದೇಶವೇ ಬೆರಗಾಯಿತು. ಬ್ರಿಜ್‌ಪೋರ್ಟ್ ಎಂಬ ಊರಿನಲ್ಲಿ ಒಂದು ಮದ್ದುಗುಂಡಿನ ಕಾರ್ಖಾನೆ ಏಳುತ್ತಿತ್ತು. ಹೊರಗಿನಿಂದ ನೋಡಿದರೆ ಅದು ಅಮೆರಿಕದವರದೇ ಉದ್ಯಮ. ಒಳಗಿನ ಹಣವೆಲ್ಲ ಜರ್ಮನಿಯದು. ಗುಂಡುಗಳನ್ನು ತಯಾರಿಸುವುದು ಅದರ ಗುರಿಯಾಗಿರಲಿಲ್ಲ. ಸಿಡಿಮದ್ದನ್ನೂ ಯಂತ್ರೋಪಕರಣಗಳನ್ನೂ ಮುಂಗಡವಾಗಿ ಕೊಂಡು, ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳಿಗೆ ಅವು ದೊರೆಯದಂತೆ ಮಾಡುವುದೇ ಅದರ ಗುರಿಯಾಗಿತ್ತು.

ಅದೇ ಕಾಗದಗಳಿಂದ ಹೊರಬಿದ್ದ ಇನ್ನೊಂದು ಸಂಗತಿ ಫಿನಾಲ್ ಎಂಬ ರಾಸಾಯನಿಕಕ್ಕೆ ಸಂಬಂಧಿಸಿದುದು. ಈ ವಸ್ತುವಿನಿಂದ ಆಸ್ಪಿರಿನ್ ಗುಳಿಗೆಯನ್ನೂ ಮಾಡಬಹುದು, ಸಿಡಿಮದ್ದನ್ನೂ ಮಾಡಬಹುದು. ಥಾಮಸ್ ಎಡಿಸನ್ ತನ್ನ ಗ್ರಾಮಫೋನ್ ತಟ್ಟೆಗಳಿಗೆ ಬೇಕೆಂದು ಅದನ್ನು ತಾನೇ ತಯಾರಿಸುತ್ತಿದ್ದ. ಉಳಿದುದನ್ನು ಮಾರುತ್ತಿದ್ದ. ಜರ್ಮನಿಯ ಬೇಯರ್ ಕಂಪನಿಯೊಡನೆ ನಂಟಿದ್ದ ರಸಾಯನಶಾಸ್ತ್ರಜ್ಞ ಹ್ಯೂಗೋ ಶ್ವೈಟ್ಸರ್ ಆಲ್ಬರ್ಟ್‌ನ ಹಣದಿಂದ ಅದನ್ನೆಲ್ಲ ಕೊಂಡು ಔಷಧದ ಕಡೆಗೆ ತಿರುಗಿಸಿದ. ಇಷ್ಟು ಫಿನಾಲ್ ಗುಳಿಗೆಯಾದರೆ ಅಷ್ಟು ಸಿಡಿಮದ್ದು ಕಡಿಮೆಯಾಗುತ್ತದೆಂಬುದು ಲೆಕ್ಕ. ಇಲ್ಲಿ ಗಮನಿಸಬೇಕಾದುದೆಂದರೆ, ಇದರಲ್ಲಿ ಕಾನೂನುಬಾಹಿರವಾದುದು ಏನೂ ಇರಲಿಲ್ಲ. ತಟಸ್ಥ ದೇಶವೊಂದರಲ್ಲಿ ಮಾರುವವನು ಮಾರಿದ, ಕೊಳ್ಳುವವನು ಕೊಂಡ. ಕೊಂಡವನ ಮನಸ್ಸಿನಲ್ಲಿದ್ದ ಉದ್ದೇಶ ಮಾತ್ರ ಬೇರೆಯಾಗಿತ್ತು. ಬಂಡವಾಳವು ಯುದ್ಧದ ಆಯುಧವಾಗಬಲ್ಲದು, ಅದೂ ನೆತ್ತರಿನ ಒಂದು ಹನಿಯೂ ಬೀಳದ ಹಾಗೆ, ಎಂಬ ಅರಿವು ಅಮೆರಿಕದವರಿಗೆ ಹೀಗೆ ಮೂಡಿತು. ಮುಂದೆ ನಡೆದ ಎಷ್ಟೋ ಅನ್ಯಾಯಗಳನ್ನು ಲೆಕ್ಕ ಹಾಕುವಾಗಲೂ ಈ ಆರಂಭವನ್ನು ಓದುಗರು ಮರೆಯಬಾರದು.

1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಅಕ್ಟೋಬರ್‌ನಲ್ಲಿ ಶತ್ರುಗಳೊಡನೆ ವ್ಯಾಪಾರವನ್ನು ನಿಷೇಧಿಸುವ ಶಾಸನ ಜಾರಿಗೆ ಬಂದಿತು. ಶತ್ರುದೇಶದವರ ಸ್ವತ್ತನ್ನು ವಶಪಡಿಸಿಕೊಳ್ಳಲು ಒಬ್ಬ ಪಾಲಕಾಧಿಕಾರಿ ನೇಮಕವಾದ. ಅವನ ಹೆಸರು ಮಿಚೆಲ್ ಪಾಮರ್. ‘ಪಾಲಕ’ ಎಂಬ ಪದದ ಅರ್ಥ ಯುದ್ಧ ಮುಗಿಯುವವರೆಗೆ ಕಾಪಾಡುವವನೆಂದು. ಆದರೆ ಶಾಸನಕ್ಕೆ ಬಹುಬೇಗ ತಿದ್ದುಪಡಿಯಾಗಿ, ಕಾಪಾಡುವ ಅಧಿಕಾರ ಮಾರುವ ಅಧಿಕಾರವಾಯಿತು. 1918ರ ನವೆಂಬರ್ 11ರಂದು ಕದನವಿರಾಮವಾಯಿತು. ಅದಾಗಿ ಒಂದು ತಿಂಗಳ ಮೇಲೆ, ಡಿಸೆಂಬರ್ 12ರಂದು, ನ್ಯೂಯಾರ್ಕ್ ರಾಜ್ಯದ ರೆನ್ಸೆಲೇರ್ ಎಂಬಲ್ಲಿದ್ದ ಬೇಯರ್ ಕಾರ್ಖಾನೆ ಹರಾಜಾಯಿತು. ಸ್ಟರ್ಲಿಂಗ್ ಎಂಬ ಕಂಪನಿ 53 ಲಕ್ಷ 10 ಸಾವಿರ ಡಾಲರುಗಳಿಗೆ ಅದನ್ನು ಕೊಂಡಿತು. ಕಾರ್ಖಾನೆಯ ಜೊತೆಗೆ ‘ಬೇಯರ್’ ಎಂಬ ಹೆಸರೂ ಹೋಯಿತು. ಜರ್ಮನಿಯ ಕಂಪನಿ ಅಮೆರಿಕದಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಮರಳಿ ಪಡೆದದ್ದು 1994ರಲ್ಲಿ, 100 ಕೋಟಿ ಡಾಲರಿನ ಒಂದು ಖರೀದಿಯ ಭಾಗವಾಗಿ.

ಯುದ್ಧ ಮುಗಿದ ಮೇಲೆ ಹರಾಜು ಹಾಕಬೇಕಾಗಿದ್ದ ತುರ್ತು ಏನಿತ್ತು? ಭದ್ರತೆಯ ಹೆಸರಿನಲ್ಲಿ ಶುರುವಾದ ಕೆಲಸದ ಹಿಂದೆ ದೇಶೀಯ ಉದ್ಯಮಿಗಳ ಲಾಭವೂ ಬಂದು ಸೇರಿಕೊಂಡಿತ್ತೆಂಬುದರಲ್ಲಿ ಸಂಶಯವಿಲ್ಲ. ಜರ್ಮನರ ಸಾವಿರಾರು ರಾಸಾಯನಿಕ ಪೇಟೆಂಟುಗಳನ್ನು ‘ಕೆಮಿಕಲ್ ಫೌಂಡೇಶನ್’ ಎಂಬ ಸಂಸ್ಥೆಗೆ ಅತ್ಯಲ್ಪ ಬೆಲೆಗೆ ಮಾರಲಾಯಿತು. ಆ ಸಂಸ್ಥೆಯ ಅಧ್ಯಕ್ಷ ಫ್ರಾನ್ಸಿಸ್ ಗಾರ್ವನ್. ಪಾಮರ್‌ನ ತರುವಾಯ ಪಾಲಕಾಧಿಕಾರಿಯಾದವನೂ ಆತನೇ! ಮಾರಿದ ಕೈಯೂ ಕೊಂಡ ಕೈಯೂ ಒಂದೇ ಆಗಿದ್ದ ಈ ವ್ಯವಹಾರವನ್ನು ಮುಂದೆ ಸರ್ಕಾರವೇ ಪ್ರಶ್ನಿಸಿತಾದರೂ, 1926ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇನ್ನು ಬೇಯರ್‌ನ ಕಾರ್ಖಾನೆಯನ್ನು ಕೊಂಡ ಸ್ಟರ್ಲಿಂಗ್ ಕಂಪನಿ 1920ರ ದಶಕದಲ್ಲಿ ಅದೇ ಜರ್ಮನ್ ಬೇಯರ್‌ನೊಡನೆ ಒಪ್ಪಂದ ಮಾಡಿಕೊಂಡು ಲಾಭವನ್ನು ಹಂಚಿಕೊಂಡಿತು. ಪಾಮರ್‌ನ ವಿಷಯವೂ ಹೇಳತಕ್ಕದ್ದೇ. 1919ರಲ್ಲಿ ಅವನು ದೇಶದ ಮುಖ್ಯ ಕಾನೂನು ಅಧಿಕಾರಿಯಾದ. ಕೆಲವೇ ತಿಂಗಳುಗಳಲ್ಲಿ, ಪರದೇಶಗಳಿಂದ ಬಂದು ನೆಲೆಸಿದ್ದ ಸಾವಿರಾರು ಕೂಲಿಕಾರರನ್ನು ಕ್ರಾಂತಿಕಾರಿಗಳೆಂಬ ಅನುಮಾನದ ಮೇಲೆ ರಾತ್ರೋರಾತ್ರಿ ಬಂಧಿಸಿದ ದಾಳಿಗಳಿಗೆ ಅವನ ಹೆಸರೇ ಅಂಟಿಕೊಂಡಿತು. ಸ್ವತ್ತಿನ ಮೇಲೆ ಅಭ್ಯಾಸವಾದ ಶಂಕೆ ಮನುಷ್ಯರ ಮೇಲೆ ತಿರುಗಲು ಹೆಚ್ಚು ಕಾಲ ಹಿಡಿಯಲಿಲ್ಲ.

ಆಮೇಲಿನ ಅರ್ಧ ಶತಮಾನವನ್ನು ಬೇಗನೆ ದಾಟಬಹುದು. ರೇಡಿಯೋ, ಹಡಗು, ವಿಮಾನಗಳಂಥ ಕೆಲವು ಕ್ಷೇತ್ರಗಳಲ್ಲಿ ಪರಕೀಯರ ಪಾಲಿಗೆ ಮಿತಿ ಹಾಕಿದುದನ್ನು ಬಿಟ್ಟರೆ, ಶಾಂತಿಕಾಲದಲ್ಲಿ ಪರದೇಶೀಯರ ಖರೀದಿಗಳನ್ನು ಒಂದೊಂದಾಗಿ ಪರಿಶೀಲಿಸುವ ವ್ಯವಸ್ಥೆ ಇರಲಿಲ್ಲ. 1973ರ ತೈಲ ಬಿಕ್ಕಟ್ಟಿನ ತರುವಾಯ ಅರಬ್ ದೇಶಗಳಲ್ಲಿ ಹಣ ರಾಶಿಬಿದ್ದಾಗ, ಆ ಹಣ ಬಂದು ಅಮೆರಿಕದ ಕಂಪನಿಗಳನ್ನು ನುಂಗಿಬಿಡುವುದೆಂಬ ಕೂಗೆದ್ದಿತು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ 1975ರ ಮೇ 7ರಂದು ಆದೇಶವೊಂದನ್ನು ಹೊರಡಿಸಿ ವಿದೇಶೀ ಬಂಡವಾಳ ಹೂಡಿಕೆಗಳ ಸಮಿತಿಯನ್ನು ರಚಿಸಿದ. ಹಣಕಾಸು ಇಲಾಖೆಯ ನೇತೃತ್ವದಲ್ಲಿ ಹಲವು ಇಲಾಖೆಗಳವರು ಕೂಡಿ ಕುಳಿತುಕೊಳ್ಳುವ ಈ ಸಮಿತಿಗೆ ನೋಡುವ ಅಧಿಕಾರವಿತ್ತೇ ಹೊರತು ತಡೆಯುವ ಅಧಿಕಾರವಿರಲಿಲ್ಲ. ಮೊದಲ ಐದು ವರ್ಷಗಳಲ್ಲಿ ಅದು ಸಭೆ ಸೇರಿದ್ದು ಹತ್ತೇ ಬಾರಿ. ಕೂಗನ್ನು ಅಡಗಿಸಲು ಕಟ್ಟಿದ ಸಮಿತಿಗಳ ಭಾಗ್ಯ ಎಲ್ಲೆಡೆಯೂ ಹೀಗೆಯೇ ಇರುವಂತೆ ತೋರುತ್ತದೆ.

ಸಮಿತಿಗೆ ಹಲ್ಲು ಬಂದದ್ದು ಜಪಾನಿನ ದೆಸೆಯಿಂದ. 1986ರ ಅಕ್ಟೋಬರ್‌ನಲ್ಲಿ ಜಪಾನಿನ ಫುಜಿತ್ಸು ಕಂಪನಿ ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿಯ ನೂರಕ್ಕೆ 80ರಷ್ಟು ಪಾಲನ್ನು ಕೊಳ್ಳುವುದಾಗಿ ಪ್ರಕಟಿಸಿತು. ಫೇರ್‌ಚೈಲ್ಡ್ ಎಂದರೆ ಸಾಮಾನ್ಯ ಹೆಸರಲ್ಲ. 1957ರಲ್ಲಿ ಹುಟ್ಟಿದ ಆ ಸಂಸ್ಥೆಯಲ್ಲಿಯೇ ರಾಬರ್ಟ್ ನಾಯ್ಸ್ ಸಿಲಿಕಾನ್ ತುಣುಕಿನ ಮೇಲೆ ಇಡೀ ವಿದ್ಯುನ್ಮಂಡಲವನ್ನು ಮೂಡಿಸುವ ವಿಧಾನವನ್ನು ರೂಪಿಸಿದ್ದ. ಅದರ ಬಿಲ್ಲೆಗಳು ರಕ್ಷಣಾ ಇಲಾಖೆಯ ಉಪಕರಣಗಳಲ್ಲಿದ್ದವು. ವಾಣಿಜ್ಯ ಸಚಿವ ಮಾಲ್ಕಮ್ ಬಾಲ್ಡ್ರಿಜ್, ರಕ್ಷಣಾ ಸಚಿವ ಕ್ಯಾಸ್ಪರ್ ವೈನ್‌ಬರ್ಗರ್ ಇಬ್ಬರೂ ಬಹಿರಂಗವಾಗಿ ವಿರೋಧಿಸಿದರು. ಪತ್ರಿಕೆಗಳಲ್ಲಿ ಹುಯಿಲೆದ್ದಿತು. 1987ರ ಮಾರ್ಚ್‌ನಲ್ಲಿ ಫುಜಿತ್ಸು ತಾನಾಗಿಯೇ ಹಿಂದೆ ಸರಿಯಿತು. ಕೆಲವು ತಿಂಗಳುಗಳ ಅನಂತರ ನ್ಯಾಷನಲ್ ಸೆಮಿಕಂಡಕ್ಟರ್ ಎಂಬ ಅಮೆರಿಕದ ಕಂಪನಿಯೇ 12 ಕೋಟಿ 20 ಲಕ್ಷ ಡಾಲರಿಗೆ ಫೇರ್‌ಚೈಲ್ಡ್ ಅನ್ನು ಕೊಂಡಿತು.

ಇಷ್ಟೇ ಆಗಿದ್ದರೆ ಅದು ಸ್ವದೇಶಾಭಿಮಾನದ ಕಥೆಯಾಗುತ್ತಿತ್ತು. ಆದರೆ ಆ ಗದ್ದಲದಲ್ಲಿ ಬಹುಮಂದಿ ಮರೆತ ಸಂಗತಿಯೊಂದಿದೆ. ಫೇರ್‌ಚೈಲ್ಡ್ ಆಗ ಅಮೆರಿಕದವರ ಕೈಯಲ್ಲಿ ಇರಲೇ ಇಲ್ಲ! 1979ರಲ್ಲಿಯೇ ಅದನ್ನು ಫ್ರೆಂಚ್ ಮೂಲದ ಶ್ಲುಂಬರ್ಜರ್ ಕಂಪನಿ ಕೊಂಡುಕೊಂಡಿತ್ತು. ಅಂದರೆ ಏಳು ವರ್ಷಗಳಿಂದ ಅದರ ಒಡೆಯ ಪರಕೀಯನೇ. ಫ್ರೆಂಚರ ಕೈಯಲ್ಲಿದ್ದಾಗ ಭದ್ರವಾಗಿದ್ದ ದೇಶ ಜಪಾನೀಯರ ಕೈಗೆ ಹೋಗುವಾಗ ಅಭದ್ರವಾದುದು ಹೇಗೆ? ಅಂದು ಅಮೆರಿಕದ ಬಿಲ್ಲೆ ಉದ್ಯಮ ಜಪಾನಿನ ಸ್ಪರ್ಧೆಯಲ್ಲಿ ಸೋಲುತ್ತಿತ್ತು, ಸೈನ್ಯಕ್ಕೆ ಬೇಕಾದ ಬಿಲ್ಲೆಗಳಿಗೆ ಒಂದೇ ದೇಶದ ಮುಖ ನೋಡುವಂತಾದೀತೆಂಬ ಕಳವಳಕ್ಕೆ ಅರ್ಥವಿತ್ತು ಎಂದು ಸಮರ್ಥಿಸಬಹುದು. ಆದರೂ ‘ಪರಕೀಯನು ಬೇಡ’ ಎಂಬ ಮಾತಿನ ಒಳಗೆ ‘ಈ ಪರಕೀಯನು ಬೇಡ’ ಎಂಬ ಇನ್ನೊಂದು ಮಾತು ಅಡಗಿತ್ತು. ಈ ಒಳಮಾತನ್ನು ಹಿಡಿದು ಹೊರಟರೆ ಮುಂದಿನ ಚರಿತ್ರೆಯ ಗಂಟುಗಳು ಎಷ್ಟೋ ಸಡಿಲವಾಗುತ್ತವೆ.

ಆ ಹುಯಿಲಿನ ಫಲವಾಗಿ ನೆಬ್ರಾಸ್ಕಾದ ಸೆನೆಟರ್ ಜೇಮ್ಸ್ ಎಕ್ಸನ್, ನ್ಯೂಜೆರ್ಸಿಯ ಪ್ರತಿನಿಧಿ ಜೇಮ್ಸ್ ಫ್ಲೋರಿಯೋ ಇವರ ಹೆಸರಿನಿಂದ ಪ್ರಸಿದ್ಧವಾದ ತಿದ್ದುಪಡಿ 1988ರ ಆಗಸ್ಟ್‌ನಲ್ಲಿ ಕಾನೂನಾಯಿತು. ಪರದೇಶೀಯರ ಖರೀದಿಯಿಂದ ರಾಷ್ಟ್ರೀಯ ಭದ್ರತೆಗೆ ಧಕ್ಕೆ ಬರಬಹುದೆಂದು ನಂಬಲು ವಿಶ್ವಾಸಾರ್ಹ ಆಧಾರವಿದ್ದರೆ, ಬೇರೆ ಕಾನೂನುಗಳಿಂದ ಅದನ್ನು ತಡೆಯಲು ಸಾಧ್ಯವಾಗದಿದ್ದರೆ, ಅಧ್ಯಕ್ಷನು ಆ ಖರೀದಿಯನ್ನು ನಿಲ್ಲಿಸಬಹುದು; ಆಗಿಹೋದುದನ್ನು ರದ್ದುಗೊಳಿಸಲೂಬಹುದು. ಆಧಾರ ಬೇಕೆಂದು ಶಾಸನವೇ ಹೇಳಿತೆಂಬುದು ಗಮನಾರ್ಹ. ಆದರೆ ಆ ಆಧಾರವನ್ನು ಯಾರಿಗೆ ತೋರಿಸಬೇಕೆಂಬುದನ್ನು ಅದು ಹೇಳಲಿಲ್ಲ. ‘ರಾಷ್ಟ್ರೀಯ ಭದ್ರತೆ’ ಎಂದರೇನೆಂದು ವಿವರಿಸಲಿಲ್ಲ. ಅಧ್ಯಕ್ಷನ ತೀರ್ಮಾನವನ್ನು ನ್ಯಾಯಾಲಯಗಳು ವಿಮರ್ಶಿಸಕೂಡದೆಂದು ಮಾತ್ರ ಸ್ಪಷ್ಟವಾಗಿ ಬರೆಯಿತು.

ಈ ಅಧಿಕಾರದ ಮೊದಲ ಪ್ರಯೋಗ 1990ರ ಫೆಬ್ರವರಿಯಲ್ಲಿ ನಡೆಯಿತು. ಸಿಯಾಟಲ್ ನಗರದಲ್ಲಿ ವಿಮಾನಗಳಿಗೆ ಲೋಹದ ಬಿಡಿಭಾಗಗಳನ್ನು ಮಾಡುತ್ತಿದ್ದ ಮ್ಯಾಮ್ಕೋ ಎಂಬ ಚಿಕ್ಕ ಕಾರ್ಖಾನೆಯನ್ನು ಚೀನಾ ಸರ್ಕಾರದ ವಿಮಾನ ವ್ಯಾಪಾರ ಸಂಸ್ಥೆಯೊಂದು ಹಿಂದಿನ ನವೆಂಬರ್‌ನಲ್ಲಿ ಕೊಂಡಿತ್ತು. ಮೂರು ತಿಂಗಳೊಳಗೆ ಅದನ್ನು ಬಿಟ್ಟುಕೊಡಬೇಕೆಂದು ಅಧ್ಯಕ್ಷ ಜಾರ್ಜ್ ಬುಷ್ ಆಜ್ಞಾಪಿಸಿದ. ತಿಯಾನಾನ್‌ಮೆನ್ ಚೌಕದಲ್ಲಿ ವಿದ್ಯಾರ್ಥಿಗಳ ರಕ್ತ ಹರಿದು ಆಗ ಎಂಟು ತಿಂಗಳಾಗಿತ್ತಷ್ಟೆ. ಕಾರಣವಾದ ಮಾಹಿತಿ ಗೋಪ್ಯವೆಂದು ವಿವರ ಹೊರಬೀಳಲಿಲ್ಲ. ತಿಯಾನಾನ್‌ಮೆನ್‌ನ ನೋವು ಈ ಆಜ್ಞೆಯಲ್ಲಿ ಎಷ್ಟಿತ್ತು, ಬಿಡಿಭಾಗಗಳ ಚಿಂತೆ ಎಷ್ಟಿತ್ತು ಎಂಬುದನ್ನು ಹೊರಗಿನವರು ಅಳೆಯುವಂತಿರಲಿಲ್ಲ. ಗೋಪ್ಯವಾದ ಕಾರಣದ ತೊಡಕು ಇರುವುದೇ ಇಲ್ಲಿ: ಅದು ಬಲವಾದ ಕಾರಣವೋ, ಕಾರಣವೇ ಇಲ್ಲವೋ ಎಂಬುದು ಹೊರಗೆ ನಿಂತವನಿಗೆ ಒಂದೇ ಬಗೆಯಾಗಿ ಕಾಣುತ್ತದೆ.

ಇದಾದ ಮೇಲೆ ಇಪ್ಪತ್ತೆರಡು ವರ್ಷ ಯಾವ ಅಧ್ಯಕ್ಷನೂ ಇಂಥ ಆಜ್ಞೆಗೆ ಸಹಿ ಹಾಕಲಿಲ್ಲ. ಸಹಿಯ ಅಗತ್ಯ ಬೀಳಲಿಲ್ಲವೆಂಬುದೇ ನಿಜ; ಸಮಿತಿ ಹುಬ್ಬು ಗಂಟಿಕ್ಕಿದರೆ ಸಾಕು, ಕೊಳ್ಳುವವರು ತಾವಾಗಿ ಅರ್ಜಿ ಹಿಂತೆಗೆದುಕೊಳ್ಳುತ್ತಿದ್ದರು. 1992ರಲ್ಲಿ ಫ್ರಾನ್ಸಿನ ಸರ್ಕಾರಿ ಒಡೆತನದ ಥಾಮ್ಸನ್ ಕಂಪನಿ ಕ್ಷಿಪಣಿ ಉದ್ಯಮವೊಂದನ್ನು ಕೊಳ್ಳುವ ಆಸೆಯನ್ನು ಹೀಗೆಯೇ ಬಿಟ್ಟಿತು. 2005ರಲ್ಲಿ ಚೀನಾದ ತೈಲ ಕಂಪನಿ ಯುನೊಕಾಲ್‌ಗೆ ಹಾಕಿದ್ದ ಬೇಡಿಕೆಯನ್ನು ಹಿಂತೆಗೆದುಕೊಂಡಿತು. ಆದರೆ 2006ರ ದುಬೈ ಬಂದರುಗಳ ಪ್ರಕರಣವನ್ನು ಇಷ್ಟರಲ್ಲಿಯೇ ಮುಗಿಸುವಂತಿಲ್ಲ.

ಬ್ರಿಟನ್ನಿನ ಪುರಾತನ ಹಡಗು ಸಂಸ್ಥೆ ‘ಪಿ ಅಂಡ್ ಓ’ವನ್ನು ದುಬೈ ಸರ್ಕಾರದ ಡಿ.ಪಿ. ವರ್ಲ್ಡ್ ಕಂಪನಿ ಸುಮಾರು 680 ಕೋಟಿ ಡಾಲರುಗಳಿಗೆ ಕೊಂಡಿತು. ನ್ಯೂಯಾರ್ಕ್, ನ್ಯೂಜೆರ್ಸಿ, ಫಿಲಡೆಲ್ಫಿಯಾ, ಬಾಲ್ಟಿಮೋರ್, ಮಯಾಮಿ, ನ್ಯೂ ಆರ್ಲಿಯನ್ಸ್ ಬಂದರುಗಳಲ್ಲಿ ಸರಕು ಇಳಿಸುವ ಕಟ್ಟೆಗಳು ಆ ಸಂಸ್ಥೆಯ ವಹಿವಾಟಿನಲ್ಲಿದ್ದವು. ಸಮಿತಿ ಜನವರಿಯಲ್ಲಿ ಒಪ್ಪಿಗೆಯಿತ್ತಿತು. ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ಎರಡೂ ಪಕ್ಷಗಳವರು ಸಿಡಿದೆದ್ದರು. 2001ರ ಸೆಪ್ಟೆಂಬರ್ 11ರ ದಾಳಿಕೋರರಲ್ಲಿ ಇಬ್ಬರು ಅರಬ್ ಎಮಿರೇಟ್ಸ್ ದೇಶದವರು. ತಾಲಿಬಾನ್ ಸರ್ಕಾರವನ್ನು ಮಾನ್ಯ ಮಾಡಿದ್ದ ಮೂರೇ ದೇಶಗಳಲ್ಲಿ ಅದೂ ಒಂದು. ಇವು ಸುಳ್ಳಲ್ಲ. ಹಾಗೆಯೇ, ಬಂದರುಗಳ ರಕ್ಷಣೆ ಕರಾವಳಿ ಪಡೆಯ ಮತ್ತು ಸುಂಕದ ಇಲಾಖೆಯ ಕೈಯಲ್ಲಿತ್ತೇ ಹೊರತು ಕಟ್ಟೆ ನಡೆಸುವ ಕಂಪನಿಯ ಕೈಯಲ್ಲಿರಲಿಲ್ಲ ಎಂಬುದೂ, ಆ ದೇಶದ ರೇವುಗಳಲ್ಲಿಯೇ ಅಮೆರಿಕದ ಯುದ್ಧನೌಕೆಗಳು ಬಂದು ತಂಗುತ್ತಿದ್ದವು ಎಂಬುದೂ ಸುಳ್ಳಲ್ಲ. ಬ್ರಿಟಿಷ್ ಕಂಪನಿಗೆ ಒಂದು ಅಳತೆ, ಅರಬ್ ಕಂಪನಿಗೆ ಇನ್ನೊಂದು ಅಳತೆ ಏಕೆಂದು ಅಂದಿನ ಅಧ್ಯಕ್ಷ, ಕಿರಿಯ ಬುಷ್, ವಿರೋಧಿಗಳನ್ನು ಕೇಳಿದ. ಅದು ಸರಿಯಾದ ಪ್ರಶ್ನೆ. ಉತ್ತರಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಮಾರ್ಚ್ 8ರಂದು ಪ್ರತಿನಿಧಿ ಸಭೆಯ ಸಮಿತಿಯೊಂದು 62ಕ್ಕೆ 2 ಮತಗಳಿಂದ ಈ ವ್ಯವಹಾರದ ವಿರುದ್ಧ ನಿಂತಿತು. ಮಾರನೆಯ ದಿನ ದುಬೈ ಕಂಪನಿ ಅಮೆರಿಕದ ಕಟ್ಟೆಗಳನ್ನು ಬಿಟ್ಟುಕೊಡುವುದಾಗಿ ಹೇಳಿತು. ಇಲ್ಲಿಯೂ ಮಾರಿದವನು ಪರಕೀಯ, ಕೊಂಡವನೂ ಪರಕೀಯ. ಭಯ ಹುಟ್ಟಿದ್ದು ಎರಡನೆಯವನಿಂದ ಮಾತ್ರ.

ಒಂದು ವಿಷಯದಲ್ಲಿ ಈ ಪ್ರಕರಣ ಹಳೆಯವಕ್ಕಿಂತ ಭಿನ್ನ. ಪರಿಶೀಲನೆ ನಡೆಸಬೇಕಾದ ಸಮಿತಿ ಪರಿಶೀಲಿಸಿ ಒಪ್ಪಿತ್ತು. ತಿರಸ್ಕರಿಸಿದ್ದು ಜನಾಭಿಪ್ರಾಯ. ಗುಟ್ಟಾಗಿ ನಡೆದ ಪರಿಶೀಲನೆಯ ಮಾತನ್ನು ಜನ ನಂಬಲಿಲ್ಲ. ಕಾರಣವನ್ನು ಮರೆಮಾಡುವ ಪದ್ಧತಿ ತಡೆದಾಗ ಕೊಳ್ಳುವವನಿಗೆ ಅನ್ಯಾಯ ಮಾಡಿದರೆ, ಒಪ್ಪಿದಾಗ ತನ್ನ ವಿಶ್ವಾಸವನ್ನೇ ಕಳೆದುಕೊಳ್ಳುತ್ತದೆ. 2007ರ ಜುಲೈಯಲ್ಲಿ ಹೊಸ ಶಾಸನವೊಂದು ಸಮಿತಿಯ ಅಧಿಕಾರಗಳನ್ನು ಕ್ರಮಬದ್ಧಗೊಳಿಸಿ, ಶಾಸನಸಭೆಗೆ ವರದಿ ಕೊಡುವ ಹೊಣೆಯನ್ನು ಹೆಚ್ಚಿಸಿತು.

ಆಪಾದಿತನೇ ಮುಂದೆ ಬಂದು, ತೋರಿಸಿ ನಿಮ್ಮ ಆಧಾರವನ್ನು ಎಂದು ಕೇಳಿದ್ದು 2011ರಲ್ಲಿ. ಕರ್ನಾಟಕಕ್ಕೂ ಪರಿಚಿತವಾದ ಹೆಸರದು: 1999ರಿಂದ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರವನ್ನು ಹೊಂದಿದ್ದ ಚೀನಾದ ಹುವಾವೇ ಕಂಪನಿ. 3ಲೀಫ್ ಎಂಬ ಚಿಕ್ಕ ಸಂಸ್ಥೆಯ ಪೇಟೆಂಟುಗಳನ್ನು ಕೇವಲ 20 ಲಕ್ಷ ಡಾಲರಿಗೆ ಕೊಂಡುದನ್ನು ಸಮಿತಿ ಬಿಡಿಸಿದಾಗ, ಅದು ಬಹಿರಂಗ ಪತ್ರವೊಂದನ್ನು ಬರೆದು ತನ್ನ ಮೇಲಿನ ಸಂದೇಹಗಳನ್ನು ಪೂರ್ಣವಾಗಿ ತನಿಖೆ ಮಾಡಬೇಕೆಂದು ಅಮೆರಿಕ ಸರ್ಕಾರವನ್ನು ಕೋರಿತು. ಇದರ ಹಿಂದಿನ ವರ್ಷ, 2010ರಲ್ಲಿ, ಭಾರತ ಸರ್ಕಾರವೂ ಭದ್ರತೆಯ ಕಾರಣ ನೀಡಿ ಚೀನೀ ದೂರವಾಣಿ ಉಪಕರಣಗಳಿಗೆ ಕೆಲಕಾಲ ತಡೆಯೊಡ್ಡಿತ್ತು. ಪತ್ರಕ್ಕೆ ದೊರೆತ ಫಲ ಕಂಪನಿ ಬಯಸಿದಂಥದಾಗಿರಲಿಲ್ಲ: 2012ರ ಅಕ್ಟೋಬರ್‌ನಲ್ಲಿ ಪ್ರತಿನಿಧಿ ಸಭೆಯ ಗುಪ್ತಚರ ಸಮಿತಿ ತನಿಖೆಯ ವರದಿ ಹೊರಡಿಸಿ, ಕಂಪನಿ ತನ್ನ ಬಗ್ಗೆ ತೃಪ್ತಿಕರ ಉತ್ತರ ಕೊಡಲಿಲ್ಲವೆಂದು ದೂರಿತು. ನಿರಪರಾಧಿಯೆಂದು ಸಾಬೀತುಪಡಿಸುವ ಹೊರೆ ಶಂಕಿತನ ಹೆಗಲಿಗೇ ಬಿದ್ದಿತ್ತು.

ಅದೇ ವರ್ಷ ಈ ಹೊರೆಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಅದನ್ನು ಏರಿಸಿದ್ದು ಯಾವ ದೈತ್ಯ ಸಂಸ್ಥೆಯೂ ಅಲ್ಲ; ಆರೆಗಾನ್ ರಾಜ್ಯದ ಬಯಲಿನ ನಾಲ್ಕು ಗಾಳಿಯಂತ್ರ ಯೋಜನೆಗಳು. ಗಾಳಿಯಿಂದ ವಿದ್ಯುತ್ ತೆಗೆಯುವ ಈ ಯೋಜನೆಗಳನ್ನು 2012ರ ಮಾರ್ಚ್‌ನಲ್ಲಿ ರಾಲ್ಸ್ ಎಂಬ ಕಂಪನಿ ಕೊಂಡಿತು. ಅದು ಅಮೆರಿಕದಲ್ಲಿಯೇ ನೋಂದಣಿಯಾದುದಾದರೂ ಅದರ ಒಡೆಯರು ಇಬ್ಬರು ಚೀನೀಯರು. ಚೀನಾದ ಸಾನಿ ಯಂತ್ರೋದ್ಯಮದ ಅಧಿಕಾರಿಗಳು. ಯೋಜನೆಯ ಜಾಗ ನೌಕಾಪಡೆಯ ಶಸ್ತ್ರಾಭ್ಯಾಸ ಕ್ಷೇತ್ರವೊಂದರ ನಿರ್ಬಂಧಿತ ವಾಯುಪ್ರದೇಶದ ಅಂಚಿನಲ್ಲಿತ್ತು. ಒಂದು ಭಾಗ ಒಳಗೂ ಇತ್ತು. ನೌಕಾಪಡೆ ಹೇಳಿದ್ದರಿಂದ ರಾಲ್ಸ್ ಒಂದು ಯೋಜನೆಯ ಸ್ಥಳವನ್ನು ಬದಲಿಸಿತು. ಜೂನ್ ತಿಂಗಳಲ್ಲಿ ಸಮಿತಿಗೆ ತಾನೇ ವರದಿ ಒಪ್ಪಿಸಿತು.

ಉತ್ತರ ಕಠೋರವಾಗಿತ್ತು. ಜುಲೈಯಲ್ಲಿ ಕೆಲಸ ನಿಲ್ಲಿಸಬೇಕೆಂದು ಸಮಿತಿಯ ಆಜ್ಞೆ. ಸೆಪ್ಟೆಂಬರ್ 28ರಂದು ಅಧ್ಯಕ್ಷ ಬರಾಕ್ ಒಬಾಮನ ಆಜ್ಞೆ: 90 ದಿನಗಳೊಳಗೆ ಯೋಜನೆಗಳನ್ನು ಬಿಟ್ಟುಕೊಡಬೇಕು, ಅದಕ್ಕೂ ಮುಂಚೆ, 14 ದಿನಗಳೊಳಗೆ, ಅಲ್ಲಿರುವ ಸಾಮಗ್ರಿಯನ್ನೆಲ್ಲ, ನೆಲದಲ್ಲಿ ಹಾಕಿದ ಕಾಂಕ್ರೀಟ್ ತಳಪಾಯಗಳನ್ನೂ ಸೇರಿಸಿ, ಕಿತ್ತು ತೆಗೆಯಬೇಕು. ಕಾರಣ? ಭದ್ರತೆಗೆ ಧಕ್ಕೆ ತರಬಹುದೆಂಬುದಕ್ಕೆ ವಿಶ್ವಾಸಾರ್ಹ ಆಧಾರವಿದೆ ಎಂಬಷ್ಟೇ ಮಾತು. ಶಾಸನದಲ್ಲಿದ್ದ ವಾಕ್ಯವನ್ನು ಆಜ್ಞೆಯಲ್ಲಿ ನಕಲು ಮಾಡಿದಂತಿತ್ತು. ಆ ಆಧಾರವೇನೆಂದು ರಾಲ್ಸ್‌ಗೆ ಹೇಳಲಿಲ್ಲ.

ಈ ನಾಲ್ಕು ಯೋಜನೆಗಳ ಪೂರ್ವವೃತ್ತಾಂತವನ್ನು ಕೆದಕಿದರೆ ಮತ್ತೆ ಅದೇ ಹಳೆಯ ಸಂಗತಿ ಎದುರಾಗುತ್ತದೆ. ಅವನ್ನು ಮೊದಲು ರೂಪಿಸಿದವರು ಅಮೆರಿಕದವರೇ. ಆದರೆ ರಾಲ್ಸ್‌ಗೆ ಮಾರಿದ ಕಂಪನಿ ಗ್ರೀಸ್ ದೇಶದ ಟೆರ್ನಾ ಎಂಬ ಸಂಸ್ಥೆಯ ಒಡೆತನದ್ದು. ಸುತ್ತಮುತ್ತ ವಿದೇಶೀಯರ ಒಡೆತನದ, ವಿದೇಶಗಳಲ್ಲಿ ತಯಾರಾದ ಗಾಳಿಯಂತ್ರಗಳು ಇನ್ನೂ ಎಷ್ಟೋ ತಿರುಗುತ್ತಿವೆಯಲ್ಲ ಎಂದು ರಾಲ್ಸ್ ವಾದಿಸಿತು. ಫ್ರೆಂಚ್, ಬ್ರಿಟಿಷ್, ಗ್ರೀಕ್. ಮೂರು ಪ್ರಸಿದ್ಧ ಪ್ರಕರಣಗಳಲ್ಲಿಯೂ ಸ್ವತ್ತು ಮೊದಲೇ ಪರಕೀಯರ ಕೈಯಲ್ಲಿತ್ತು. ಇದರಿಂದ ಸರ್ಕಾರದ ಶಂಕೆಗಳೆಲ್ಲ ಸುಳ್ಳೆಂದೇನೂ ಆಗುವುದಿಲ್ಲ. ಒಬ್ಬ ನೆರೆಯವನಿಗೆ ಬೀಗದ ಕೈ ಕೊಟ್ಟವನು ಇನ್ನೊಬ್ಬನಿಗೆ ಕೊಡದಿರಬಹುದು. ಚೀನೀ ಒಡೆತನದ ಯಂತ್ರಗಳನ್ನು ಯುದ್ಧವಿಮಾನಗಳು ಅಭ್ಯಾಸ ಮಾಡುವ ಬಯಲಿನ ಪಕ್ಕದಲ್ಲಿ ನಿಲ್ಲಿಸಲು ಯಾವ ಸೇನೆಯೂ ಹಿಂಜರಿಯುವುದು ಸಹಜ. ಆದರೆ ಕೊಂಡು, ಬೆಲೆ ತೆತ್ತು, ತಳಪಾಯ ಹಾಕಿದವನ ಸ್ವತ್ತನ್ನು ಕಸಿಯುವಾಗ, ಏಕೆಂದು ಒಂದು ಮಾತನ್ನಾದರೂ ಹೇಳಬೇಡವೇ?

ಕೆಳಗಿನ ನ್ಯಾಯಾಲಯ ಬೇಡವೆಂದಿತು. ಅಪಾಯವನ್ನು ತಿಳಿದೂ ಮುಂಚಿತವಾಗಿ ಅನುಮತಿ ಕೇಳದೆ ಕೊಂಡವನಿಗೆ ರಕ್ಷಣೆ ಪಡೆಯುವ ಹಕ್ಕಿಲ್ಲವೆಂದು 2013ರಲ್ಲಿ ಅದು ಅರ್ಜಿಯನ್ನು ತಳ್ಳಿಹಾಕಿತು. ಮೇಲ್ಮನವಿಯ ನ್ಯಾಯಾಲಯದ ಮೂವರು ನ್ಯಾಯಾಧೀಶರು 2014ರ ಜುಲೈ 15ರಂದು ಬೇರೆಯದೇ ತೀರ್ಪನ್ನಿತ್ತರು. ಅಧ್ಯಕ್ಷನ ತೀರ್ಮಾನ ಸರಿಯೋ ತಪ್ಪೋ ಎಂಬುದನ್ನು ತಾವು ನೋಡುವಂತಿಲ್ಲ. ಆದರೆ ಆ ತೀರ್ಮಾನಕ್ಕೆ ಬಂದ ದಾರಿಯನ್ನು ನೋಡಬಹುದು. ಸ್ವತ್ತನ್ನು ಕಳೆದುಕೊಳ್ಳುವವನಿಗೆ ಮೂರು ಸಂಗತಿಗಳು ಸಲ್ಲಬೇಕು: ಕ್ರಮವನ್ನು ಕುರಿತ ತಿಳಿವಳಿಕೆ, ಗೋಪ್ಯವಲ್ಲದ ಆಧಾರಗಳ ನೋಟ, ಅವಕ್ಕೆ ಉತ್ತರ ಹೇಳುವ ಅವಕಾಶ. ರಹಸ್ಯವೆಂದು ವರ್ಗೀಕರಿಸಿದ ಮಾಹಿತಿಯನ್ನು ಕೊಡಬೇಕಾಗಿಲ್ಲವೆಂದು ನ್ಯಾಯಾಲಯ ಒಪ್ಪಿತು. ಅಂದರೆ ಕಾವಲುಗಾರನ ಕತ್ತಿಯನ್ನು ಅದು ಕಸಿಯಲಿಲ್ಲ. ಬಾಯಿ ತೆರೆದು ಹೇಳಬಹುದಾದಷ್ಟನ್ನು ಹೇಳು ಎಂದಿತು. ಇದು ಚೀನೀಯರ ಪರವಾದ ತೀರ್ಪು ಎಂದು ಬಗೆಯುವುದು ತಪ್ಪಾದೀತು. ರಾಲ್ಸ್‌ಗೆ ಗಾಳಿಯಂತ್ರಗಳು ಮರಳಿ ಸಿಗಲಿಲ್ಲ. 2015ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು; ಯೋಜನೆಗಳು ಬೇರೆಯವರ ಪಾಲಾದವು.

ತರುವಾಯದ ವರ್ಷಗಳಲ್ಲಿ ಕಾವಲು ಇನ್ನಷ್ಟು ಬಿಗಿಯಾಯಿತು. 2018ರ ಆಗಸ್ಟ್‌ನ ಶಾಸನವು ಸೇನಾ ನೆಲೆಗಳ ಸಮೀಪದ ಜಮೀನನ್ನೂ, ಪ್ರಜೆಗಳ ಖಾಸಗಿ ಮಾಹಿತಿಯನ್ನು ಸಂಗ್ರಹಿಸುವ ಉದ್ಯಮಗಳನ್ನೂ, ಒಡೆತನವಿಲ್ಲದ ಸಣ್ಣ ಪಾಲುಗಾರಿಕೆಯನ್ನೂ ಪರಿಶೀಲನೆಯ ವ್ಯಾಪ್ತಿಗೆ ತಂದಿತು. 1918ರಲ್ಲಿ ಆಸ್ಪಿರಿನ್ನಿನ ಕಾರ್ಖಾನೆ. 2020ರಲ್ಲಿ ಹೋಟೆಲುಗಳ ಅತಿಥಿಗಳ ಪಟ್ಟಿಯನ್ನು ನಿರ್ವಹಿಸುವ ಗಣಕಯಂತ್ರದ ತಂತ್ರಾಂಶ. ಅದೇ ಶಾಸನದ ನಿಯಮಗಳ ಮೂಲಕ 2020ರಲ್ಲಿ ಆಸ್ಟ್ರೇಲಿಯ, ಕೆನಡಾ, ಬ್ರಿಟನ್ ದೇಶಗಳ ಹೂಡಿಕೆದಾರರಿಗೂ, 2022ರಲ್ಲಿ ನ್ಯೂಜಿಲೆಂಡಿನವರಿಗೂ ಕೆಲವು ವಿನಾಯಿತಿಗಳು ದೊರೆತವು. ಫೇರ್‌ಚೈಲ್ಡ್‌ನ ಕಾಲದಲ್ಲಿ ಒಳಮಾತಾಗಿದ್ದುದು ಹೀಗೆ ಬಹಿರಂಗವಾಗಿ ನಿಯಮಗಳ ಪುಸ್ತಕದಲ್ಲಿ ಅಚ್ಚಾಯಿತು. ಹಾಗೆ ಅಚ್ಚಾದುದರಲ್ಲಿ ಒಂದು ಪ್ರಾಮಾಣಿಕತೆಯೂ ಇದೆಯೆನ್ನಬೇಕು. ಮಾತಿನಲ್ಲಿ ಎಲ್ಲರೂ ಸಮಾನರೆಂದು, ಕೃತಿಯಲ್ಲಿ ಭೇದವೆಣಿಸುವುದಕ್ಕಿಂತ ಭೇದವನ್ನು ಬರೆದಿಡುವುದು ಮೇಲು.

ಭಾರತ ಹಿಡಿದ ಹಾದಿ ತುಸು ಬೇರೆ. ಪಾಕಿಸ್ತಾನ, ಬಾಂಗ್ಲಾದೇಶಗಳ ಹೂಡಿಕೆಗೆ ಮೊದಲಿನಿಂದಲೂ ಸರ್ಕಾರದ ಪೂರ್ವಾನುಮತಿ ಬೇಕಾಗಿತ್ತು. 2020ರ ಏಪ್ರಿಲ್ 17ರಂದು, ಸೋಂಕಿನ ಕಾಲದಲ್ಲಿ ಷೇರುಗಳ ಬೆಲೆ ಕುಸಿದು ಚೀನಾದ ಕೇಂದ್ರ ಬ್ಯಾಂಕು ಎಚ್‌ಡಿಎಫ್‌ಸಿಯಲ್ಲಿ ನೂರಕ್ಕೆ ಒಂದರಷ್ಟು ಪಾಲು ಪಡೆದ ಸುದ್ದಿಯ ಬೆನ್ನಲ್ಲೇ, ಭೂಗಡಿಯನ್ನು ಹಂಚಿಕೊಂಡ ಎಲ್ಲ ದೇಶಗಳಿಗೂ ಆ ನಿಯಮ ವಿಸ್ತರಿಸಿತು. ಆಜ್ಞೆಯಲ್ಲಿ ಚೀನಾದ ಹೆಸರಿರಲಿಲ್ಲ. ನೇಪಾಳ, ಭೂತಾನಗಳೂ ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಒಬ್ಬನ ಹೆಸರನ್ನು ಹೇಳಲು ಹಿಂಜರಿದು ಊರವರನ್ನೆಲ್ಲ ತಪಾಸಣೆ ಮಾಡುವ ರೀತಿ ರಾಜತಂತ್ರದಲ್ಲಿ ಹೊಸದಲ್ಲವಷ್ಟೆ.

ಅಮೆರಿಕದ ಕಥೆ ಇತ್ತೀಚೆಗೆ ಮತ್ತೆ ಜಪಾನಿನ ಬಾಗಿಲಿಗೇ ಬಂದು ನಿಂತಿತು. 1901ರಲ್ಲಿ ಸ್ಥಾಪಿತವಾದ ಯು.ಎಸ್. ಸ್ಟೀಲ್ ಕಂಪನಿಯನ್ನು 1,490 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ನಿಪ್ಪಾನ್ ಸ್ಟೀಲ್ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಜಪಾನ್ ಅಮೆರಿಕದ ಸೈನಿಕ ಮಿತ್ರದೇಶ. ಅಲ್ಲಿಯ ನೆಲದಲ್ಲಿ ಅಮೆರಿಕದ ಸೇನೆ ಬೀಡುಬಿಟ್ಟಿದೆ. ಒಂದು ವರ್ಷ ನೋಡಿಯೂ ಸಮಿತಿಯ ಸದಸ್ಯರಲ್ಲಿ ಒಮ್ಮತ ಮೂಡಲಿಲ್ಲ. ನಡುವೆ ಚುನಾವಣೆ ಬಂದು ಹೋಯಿತು. ಕಂಪನಿಯ ಕೇಂದ್ರವಿರುವ ಪೆನ್ಸಿಲ್ವೇನಿಯಾ ಆ ಚುನಾವಣೆಯ ನಿರ್ಣಾಯಕ ರಾಜ್ಯಗಳಲ್ಲಿ ಒಂದಾಗಿತ್ತು. 2025ರ ಜನವರಿ 3ರಂದು ಅಧ್ಯಕ್ಷ ಜೋ ಬೈಡನ್, ವಿಶ್ವಾಸಾರ್ಹ ಆಧಾರವಿದೆ ಎಂಬ ಅದೇ ಹಳೆಯ ವಾಕ್ಯದೊಡನೆ ಖರೀದಿಯನ್ನು ತಡೆದ. ಎರಡೂ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ರಾಜಕೀಯ ಲಾಭಕ್ಕಾಗಿ ತೀರ್ಮಾನ ಮೊದಲೇ ಆಗಿತ್ತು, ಪರಿಶೀಲನೆ ತೋರಿಕೆಯದೆಂಬುದು ಅವುಗಳ ದೂರು. ಏಪ್ರಿಲ್‌ನಲ್ಲಿ ಹೊಸ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಮರುಪರಿಶೀಲನೆಗೆ ಆದೇಶಿಸಿದ. ಜೂನ್ 13ರಂದು, ಷರತ್ತುಗಳ ಮೂಲಕ ಅಪಾಯವನ್ನು ನಿವಾರಿಸಬಹುದೆಂದು ಹೇಳಿ ಒಪ್ಪಿಗೆಯಿತ್ತ. ಐದು ತಿಂಗಳ ಅಂತರದಲ್ಲಿ, ಅದೇ ಕಂಪನಿ, ಅದೇ ಉಕ್ಕು, ಅದೇ ಶಾಸನ; ತೀರ್ಮಾನ ಮಾತ್ರ ಬೇರೆ.

ಜೂನ್ 18ರಂದು ಖರೀದಿ ಪೂರ್ಣವಾಯಿತು. 2028ರೊಳಗೆ ಸುಮಾರು 1,100 ಕೋಟಿ ಡಾಲರುಗಳನ್ನು ಹೂಡುವುದಾಗಿ ನಿಪ್ಪಾನ್ ಸ್ಟೀಲ್ ಮಾತು ಕೊಟ್ಟಿತು. ಸರ್ಕಾರದ ಕೈಗೆ ‘ಚಿನ್ನದ ಷೇರು’ ಎಂದು ಕರೆಯುವ ಒಂದು ವಿಶೇಷ ಷೇರು ಬಂದಿತು. ಕಂಪನಿಯ ಹೆಸರನ್ನು ಬದಲಿಸಬೇಕಾದರೂ, ಕೇಂದ್ರ ಕಚೇರಿಯನ್ನು ಪಿಟ್ಸ್‌ಬರ್ಗ್ ನಗರದಿಂದ ಎತ್ತಬೇಕಾದರೂ, ಕೆಲಸಗಳನ್ನು ದೇಶದ ಹೊರಗೆ ಸಾಗಿಸಬೇಕಾದರೂ ಅದರ ಬಲದಿಂದ ಅಧ್ಯಕ್ಷನ ಒಪ್ಪಿಗೆ ಬೇಕಾಯಿತು. ಜನವರಿಯಲ್ಲಿದ್ದ ಆಧಾರವೇನೆಂಬುದು ಪಿಟ್ಸ್‌ಬರ್ಗ್‌ನ ಕುಲುಮೆಗಳ ಮುಂದೆ ನಿಂತ ಕಾರ್ಮಿಕರಿಗೆ ಜೂನ್‌ನಲ್ಲಿಯೂ ತಿಳಿಯಲಿಲ್ಲ.